ಬೆನ್ನಿನ ಮೇಲಿನ ಹೆಸರು

ಮೇ ಎರಡನೇ ವಾರ. ರಿಂಕಿನ ಮಂಜುಗಡ್ಡೆ ಕರಗಿಸಿ
ಚರಂಡಿಗೆ ಬಿಟ್ಟಾಯಿತು. ನೀಲಿ ಗೆರೆ, ಕೆಂಪು ಗೆರೆ,
ಟ್ರ್ಯಾಕ್ಟರ್ ಕಂಪನಿಯ ಜಾಹೀರಾತು, ಎಲ್ಲ ನೀರಿನ ಜೊತೆ ಹೋಯಿತು.
ಬರಿ ಸಿಮೆಂಟು ನೆಲದ ಮೇಲೆ ಈ ಶನಿವಾರ
ಯಾರದೋ ಮದುವೆಯ ಊಟ.

ನನಗೆ ಮಾತ್ರ ಈಗ ಸುಗ್ಗಿ.
ಸ್ಟರ್ಜನ್ ಫೋರ್ಕ್ ಹೆರಾನ್ಸ್ ತಂಡದ ಚೀಲ ಬಂದಿದೆ:
ಇಪ್ಪತ್ತಮೂರು ಜೆರ್ಸಿ, ಒಂದು ಪಟ್ಟಿ,
ಒಗೆದರೂ ಬಿಡದ ಚಳಿಗಾಲದ ಬೆವರು.

ಮರಿವಿಕ್ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು
ದಿನಸಿ ಚೀಟಿಯ ಹಾಗೆ ಓದುತ್ತಾಳೆ:
ಹನ್ನೊಂದು, ವಯಸ್ಸು ಮೀರಿತು, ತೆಗಿ.
ನಾಲ್ಕು, ಮೊಣಕಾಲು, ತೆಗಿ.
ಇಪ್ಪತ್ತೆರಡು ಕಾಲೇಜಿಗಂತೆ, ಅಷ್ಟು ದೂರ, ಮೇನ್ ರಾಜ್ಯಕ್ಕೆ.
ಮೂವತ್ತೊಂದು ನಮ್ಮ ಗೋಲ್‌ಕೀಪರ್,
ಅವನನ್ನು ಕೊಟ್ಟು ಇಬ್ಬರು ಡಿಫೆಂಡರುಗಳನ್ನೂ
ಮುಂದಿನ ವರ್ಷದ ಮೂರನೇ ಸುತ್ತಿನ ಆಯ್ಕೆಯನ್ನೂ ತಂದಿದ್ದಾರೆ.

"ಆಯ್ಕೆ ಅಂದರೆ ಯಾರು?"
ಸದ್ಯಕ್ಕೆ ಯಾರೂ ಅಲ್ಲ.
ಎಲ್ಲೋ ಒಬ್ಬ ಹುಡುಗ, ಎಂಟನೇ ತರಗತಿ,
ಬೀಜಗಣಿತದ ಮುಂದೆ ತಲೆ ಕೆರೆಯುತ್ತ ಕೂತಿದ್ದಾನೆ.
ತಾನು ಚೌಕಾಸಿಯಲ್ಲಿ ಸೇರಿಹೋದದ್ದು
ಅವನಿಗೂ ಗೊತ್ತಿಲ್ಲ, ಅವರಮ್ಮನಿಗೂ.
"ಇಲೊಯ್ಲೊದಲ್ಲಿ ಚಿಲ್ಲರೆ ಇಲ್ಲದಿದ್ದರೆ
ಅಂಗಡಿಯವನು ಪೆಪ್ಪರಮಿಂಟು ಕೊಡುತ್ತಿದ್ದ,"
ಅಂದಳು ಮರಿವಿಕ್. "ಹಾಗೇ ಇದು."

ಹೊಲಿಯುವುದು ಯಾರಿಗಾದರೂ ಬರುತ್ತೆ. ಬಿಚ್ಚಲು ಕೈ ಪಳಗಿರಬೇಕು.
ಬಟ್ಟೆ ಹರಿಯದೆ, ಅಕ್ಷರ ಮುಕ್ಕಾಗದೆ
ಒಂದೊಂದೇ ಹೊಲಿಗೆಯ ಕತ್ತು ಕೊಯ್ಯಬೇಕು.
ಬಿಚ್ಚಿದ್ದನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತೇನೆ.
ಹೋದ ಕ್ಯಾಪ್ಟನ್ನನ ಆರ್, ಎಸ್
ಸೆಪ್ಟೆಂಬರಿಗೆ ಇನ್ಯಾರದೋ ಬೆನ್ನೇರುತ್ತವೆ.
ಬಡ ತಂಡ. ಅಕ್ಷರಕ್ಕೂ ಲೆಕ್ಕ ಕೇಳುತ್ತಾರೆ.

ಬುಧವಾರ ಕೋಚ್ ಬಂದರು. ಹಳೆಯ ಕೋಚ್,
ಡೆಲ್ಮರ್ ಟೈಕ್ರೋಬ್, ಹನ್ನೊಂದು ವರ್ಷ.
'ಪರಸ್ಪರ ಒಪ್ಪಿಗೆಯ ಮೇರೆಗೆ' ಎಂದಿತ್ತು ಪತ್ರಿಕೆಯಲ್ಲಿ.
ಕೌಂಟರಿನ ಮೇಲೆ ಜಾಕೆಟ್ ಹಾಸಿ
ಎದೆಯ ಮೇಲಿನ ಕೊಕ್ಕರೆ ತೋರಿಸಿದರು:
"ಇದೊಂದು ತೆಗೆದುಕೊಡಿ. ಮೀನಿಗೆ ಹೋಗುವಾಗ ಹಾಕಿಕೊಳ್ಳುತ್ತೇನೆ."
"ಮೀನಿಗಾದರೆ ಕೊಕ್ಕರೆ ಇರಲಿ ಬಿಡಿ," ಒಳಗಿಂದ ಮರಿವಿಕ್.
ಅವರು ನಗಲಿಲ್ಲ.
"ತೆಗೆದರೂ ಗುರುತು ಉಳಿಯುತ್ತೆ," ಅಂದೆ.
"ಎಷ್ಟು ದಿನ?"
ಸುಳ್ಳಿಗೆ ನಾಲಿಗೆ ಏಳಲಿಲ್ಲ. "ಜಾಕೆಟ್ ಇರೋ ತನಕ."
"ಸರಿ. ತೆಗೆಯಿರಿ."

ಗುರುವಾರ ಹೊಸಬ, ರೆನೊ ಬೋಸೊಲೇ,
ಪ್ಯಾಂಟಿನ ಅಂಚು ಒಂದೂವರೆ ಇಂಚು ಮಡಿಸಬೇಕಿತ್ತು.
ಪತ್ರಿಕೆಯ ಫೋಟೋದಲ್ಲಿ ಕಲ್ಲಿನಂಥ ದವಡೆ.
ಗುಂಡುಪಿನ್ನು ತುಟಿಯಲ್ಲಿ ಕಚ್ಚಿ, ಮಂಡಿಯೂರಿ
ಅಳತೆ ಹಿಡಿದಾಗ ಗೊತ್ತಾಯಿತು,
ಕಾಲು ಸಣ್ಣಗೆ ನಡುಗುತ್ತಿದೆ.
ಹಿಂದಿನ ಸಾಲಿನಲ್ಲಿ ಆ ಜಾಕೆಟ್ ನೇತಾಡುತ್ತಿತ್ತು.
ಎದ್ದವಳೇ ಅದನ್ನು ಗೋಡೆಗೆ ತಿರುಗಿಸಿದೆ.

ಕೊನೆಗೆ ಉಳಿದದ್ದು ಹದಿನೇಳು. ಬೇಕೆಂದೇ ಕೊನೆಗೆ ಉಳಿಸಿದ್ದೆ.
ವಾಸಿಲಿಶಿನ್. ಹತ್ತು ಅಕ್ಷರ, ಅದರಲ್ಲಿ ಮೂರು ವೈ.
ಎರಡು ವರ್ಷದ ಹಿಂದೆ ಕಂಕುಳಿಂದ ಕಂಕುಳಿಗೆ
ಕಮಾನು ಹಾಕಿ ಹೊಲಿದಿದ್ದೆ, ಏಳಕ್ಕಷ್ಟೇ ದುಡ್ಡು ತಗೊಂಡು.
ಅವನ ಅಜ್ಜಿ, ನಾನು ಒಂದೇ ಚರ್ಚಿನ ಅಡುಗೆಮನೆಯಲ್ಲಿ
ಪಿರೋಹಿ ಮಡಿಚುವವರು.
ಅವನನ್ನು ಕೈಬಿಟ್ಟರು. ಕಾರಣ ಪಟ್ಟಿಯಲ್ಲಿ ಇಲ್ಲ.

ಆ ಜಾಗಕ್ಕೆ ಸ್ವೀಡನ್ನಿನ ಹುಡುಗ. ಹೆಸರು ಏಕ್.
ಎರಡೇ ಅಕ್ಷರ, ಇ ಮತ್ತು ಕೆ. ಐದು ನಿಮಿಷದ ಕೆಲಸ.
ಆದರೆ ಅಕ್ಷರದ ಅಡಿಯ ಬಟ್ಟೆ
ಬಿಸಿಲು, ದೀಪ ಕಾಣದೆ ಕಡುನೀಲಿಯಾಗೇ ಇರುತ್ತೆ.
ಏಕ್‌ನ ಎಡಕ್ಕೆ ನಾಲ್ಕು ನೆರಳು, ಬಲಕ್ಕೆ ನಾಲ್ಕು.
ಎಡದ ಮೊದಲ ಮೂರು, ಡಬ್ಲ್ಯು, ಎ, ಎಸ್,
ಕೂಡಿಸಿ ಓದಿದರೆ 'ಇದ್ದ' ಅಂತಾಗುತ್ತೆ.
ಇಷ್ಟು ವರ್ಷ ನನಗೇ ಕಂಡಿರಲಿಲ್ಲ.

ಹುಡುಗನೇ ಬಂದ ಆಗಸ್ಟಿನಲ್ಲಿ, ಜೆರ್ಸಿ ಹಾಕಿ
ಕನ್ನಡಿಗೆ ಬೆನ್ನು ಕೊಟ್ಟು ಕತ್ತು ತಿರುಚಿದ.
"ಇಲ್ಲಿ ಯಾರಿದ್ದರು?"
ಹೇಳಿದೆ.
ಹೇಳಲು ಅವನಿಗೆ ಬರಲಿಲ್ಲ. ಮತ್ತೆ ಹೇಳಿಸಿಕೊಂಡ.
"ಈಗೆಲ್ಲಿ?"
"ಇಲ್ಲೇ. ಅಪ್ಪನ ಜೊತೆ ಕಡಲೆ ಬಿತ್ತಿದ್ದಾನೆ, ನಾನ್ನೂರು ಎಕರೆ."
ತಲೆಯಾಡಿಸಿ ಸ್ವಲ್ಪ ಹೊತ್ತು ನಿಂತ,
ಬೆನ್ನು ಕೆರೆಯಿತೋ ಏನೋ, ಭುಜ ಕುಣಿಸಿದ.

ಡಬ್ಬಿಯಲ್ಲಿ ಮೂರು ವೈ ಉಳಿದಿವೆ.
ಈ ಸಲ ಯಾರಿಗೂ ಬೇಕಿಲ್ಲ.